ಕೊಂಡ ದೋಣಿಯನ್ನು ಹಿನ್ನೀರಿನ ಮೇಲೆಯೇ ಊರಿಗೆ ತರುವುದು ಹೇಗೆ?

ಹಳೆಯ ಫೈಬರ್ ದೋಣಿ ಕೊಂಡವರು ಮೊದಲು ಕೇಳುವುದು ಟ್ರ್ಯಾಕ್ಟರ್ ಬಾಡಿಗೆ ಎಷ್ಟು ಅಂತ. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲೇ ಕೊಂಡು, ಅದೇ ಹಿನ್ನೀರಿನ ಇನ್ನೊಂದು ದಂಡೆಗೆ ತರೋದಾದರೆ ಟ್ರ್ಯಾಕ್ಟರ್ ಬೇಕಿಲ್ಲ. ಹೋದ ವರ್ಷ ಕೊಲ್ಹಾರದಲ್ಲಿ ಕೊಂಡ ದೋಣಿಯನ್ನು ಬೀಳಗಿ ತಾಲ್ಲೂಕಿನ ನಮ್ಮೂರಿಗೆ, ಅಂದರೆ ಕೃಷ್ಣೆಯಿಂದ ಘಟಪ್ರಭೆಗೆ, ನೀರಿನ ಮೇಲೆಯೇ ತಂದೆ.

ಮೊದಲು ತಿಂಗಳು ನೋಡಿಕೊಳ್ಳಿ. ಆಷಾಢದ ಗಾಳಿಯಲ್ಲಿ ಬೇಡವೇ ಬೇಡ. ಮೇಲಿನಿಂದ ಪ್ರವಾಹ ಬರುತ್ತಿದ್ದು, ಆಲಮಟ್ಟಿಯ 26 ಗೇಟುಗಳಿಂದ ನೀರು ಬಿಡುತ್ತಿದ್ದರಂತೂ ದೋಣಿ ಬಿಚ್ಚಲೇಬೇಡಿ. ಮಳೆ ನಿಂತ ಮೇಲೆ, ಜಲಾಶಯ ತನ್ನ ತುಂಬಿದ ಮಟ್ಟದ, ಅಂದರೆ ಸಮುದ್ರಮಟ್ಟದಿಂದ 519.60 ಮೀಟರ್‌ನ ಹತ್ತಿರ ಇರುವಾಗ ಒಳ್ಳೆಯದು. ಬೇಸಿಗೆಗೆ ನೀರು ಇಳಿದರೆ ಮುಳುಗಿದ ಊರುಗಳ ಗೋಡೆ, ಬಾವಿಕಟ್ಟೆ, ಒಣಗಿದ ಗಿಡ ಎಲ್ಲ ತಳಕ್ಕೆ ತಾಗುವಷ್ಟು ಮೇಲೆ ಬರುತ್ತವೆ.

ದುಡ್ಡು ಕೊಡುವ ಮೊದಲು ದೋಣಿಯನ್ನು ಮಗುಚಿ ಹಾಕಿಸಿ, ತಳದ ಉದ್ದಕ್ಕೂ ಒಂದು ನಾಣ್ಯದಿಂದ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ. ಬದ್ ಅಂತ ಮೆತ್ತಗೆ ಸದ್ದು ಬಂದ ಕಡೆ ಫೈಬರ್ ಪದರ ಬಿಟ್ಟಿದೆ ಅಂತ ಅರ್ಥ. ಇಂಜಿನ್ ಚಾಲೂ ಮಾಡಿದಾಗ ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮುತ್ತಲೇ ಇರಬೇಕು, ಇಲ್ಲಾಂದ್ರೆ ಅರ್ಧ ದಾರಿಯಲ್ಲಿ ಕಾದು ನಿಲ್ಲುತ್ತದೆ. ಇಂಜಿನ್ ಇರುವ ದೋಣಿಗೆ ನೋಂದಣಿ ಬೇಕು, ಆ ಕಾಗದ ಕೇಳಿ ಪಡೆಯಿರಿ. ಆಮೇಲೆ ಅಲ್ಲೇ ದಂಡೆಯ ಹತ್ತಿರ ಒಂದು ತಾಸು ಓಡಿಸಿ. ನಾನು ಈ ಒಂದು ತಾಸು ಉಳಿಸಲು ಹೋಗಿ ಕೆಟ್ಟೆ. ಹಿಂಬದಿ ತಳದಲ್ಲಿ ನೀರು ಬಸಿಯಲು ಇರುವ ಬಿರಡೆಯ ರಬ್ಬರ್ ಸವೆದಿತ್ತು, ಮಾರಿದವರು ಹೇಳಲಿಲ್ಲ, ನಾನೂ ನೋಡಲಿಲ್ಲ, ಕಾಲು ಗಂಟೆಯಲ್ಲಿ ಹರಡಿನ ಮಟ್ಟಕ್ಕೆ ನೀರು. ಹಳೆ ಲುಂಗಿ ಹರಿದು ತುರುಕಿ ವಾಪಸ್ ಬಂದೆ.

ಪೆಟ್ರೋಲ್ ಲೆಕ್ಕ ಸುಲಭ. ಹೋಗಲು ಎಷ್ಟು ಬೇಕೋ ಅದರ ಮೂರು ಪಟ್ಟು ಇಟ್ಟುಕೊಳ್ಳಿ. ಎರಡು ಹುಟ್ಟು, ಉದ್ದನೆಯ ಗಳ, ಲಂಗರು, ನೀರು ಎತ್ತಿ ಹಾಕಲು ಡಬ್ಬಿ, ಒಂದು ಕುಡುಗೋಲು ಇರಲಿ. ಲೈಫ್ ಜಾಕೆಟ್ ಕಾಲ ಕೆಳಗೆ ಇಡಬೇಡಿ, ಹಾಕಿಕೊಂಡೇ ಕೂತುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಆ ನೀರು ಬಲ್ಲ ಒಬ್ಬ ಮೀನುಗಾರರನ್ನು ಕೂಲಿ ಕೊಟ್ಟಾದರೂ ಕರೆದುಕೊಂಡು ಬನ್ನಿ. ನನ್ನ ಜೊತೆ ಬಂದ ಕಾಕಾ ಮುಂದೆ ಕೂತು ನೀರನ್ನೇ ನೋಡುತ್ತಿದ್ದರು. ಒಂದು ಕಡೆ ಕೈ ಎತ್ತಿ, "ತಮ್ಮಾ, ಸಾವಕಾಶ. ಅಲ್ಲಿ ನೀರು ಸಣ್ಣಗ ಕುಣ್ಯಾಕತ್ತೈತಿ ನೋಡು, ಕೆಳಗ ಗಿಡ ಐತಿ" ಅಂದರು. ನನಗೆ ಎಲ್ಲ ಒಂದೇ ಥರ ಕಂಡಿತ್ತು. ಹತ್ತಿರ ಹೋದಾಗ ಒಂದು ಗೇಣು ಆಳದಲ್ಲಿ ಜಾಲಿಯ ಕೊಂಬೆ, ಅದಕ್ಕೆ ಸುತ್ತಿದ ಹರಿದ ಬಲೆ.

ಬೆಳಗ್ಗೆ ಬೆಳಕು ಹರಿದ ತಕ್ಷಣ ಹೊರಡಿ, ಮಧ್ಯಾಹ್ನ ಗಾಳಿ ಏಳುವ ಮೊದಲು ಮುಟ್ಟಬೇಕು. ಕೊಲ್ಹಾರ ಸೇತುವೆಯ ಹತ್ತಿರವೇ ಕೃಷ್ಣೆ ದಾಟಿ ಬಲದಂಡೆ ಹಿಡಿಯಿರಿ, ಆದರೆ ದಂಡೆಗೆ ಅಂಟಿಕೊಂಡು ಹೋಗಬೇಡಿ. ಗಿಡ, ಬಲೆ ಜಾಸ್ತಿ ಇರುವುದು ಅಲ್ಲೇ. ದಂಡೆಯ ಮೇಲಿನ ದನ ಕಾಣಬೇಕು, ಅದರ ಕೊಂಬು ಕಾಣಬಾರದು, ಅಷ್ಟು ದೂರ ಸಾಕು. ಪ್ರೊಪೆಲ್ಲರ್‌ಗೆ ಬಲೆ ಸುತ್ತಿದರೆ ಹಿಂದಕ್ಕೆ ಮುಂದಕ್ಕೆ ತಿರುಗಿಸಬೇಡಿ. ಇಂಜಿನ್ ನಿಲ್ಲಿಸಿ, ಮೇಲೆ ಎತ್ತಿ, ಕುಡುಗೋಲಿನಿಂದ ಕೊಯ್ದು ತೆಗೆಯಿರಿ.

ಚಿಕ್ಕಸಂಗಮದಲ್ಲಿ ಘಟಪ್ರಭೆ ಬಲಗಡೆಯಿಂದ ಬಂದು ಸೇರುತ್ತದೆ. ಇಲ್ಲಿ ನೀರು ಎಷ್ಟು ಅಗಲ ಅಂದರೆ ದಾರಿ ತಪ್ಪುವುದು ಸಹಜ. ನೆಟ್ಟಗೆ ಹೋದರೆ ಅಣೆಕಟ್ಟು, ಆ ಕಡೆ ಹೋಗಲೇಬಾರದು. ಬಲಕ್ಕೆ ತಿರುಗಿ. ಆದರೆ ತೀರಾ ಒಳಗಿನಿಂದ ತಿರುಗಬೇಡಿ, ಜಲಾಶಯ ತುಂಬಿದಾಗ ಸಂಗಮದ ಗುಡಿಯೂ ನೀರಲ್ಲಿರುತ್ತದೆ, ಜಾಗ ಬಿಟ್ಟು ದೊಡ್ಡದಾಗಿ ಸುತ್ತಿ ಬನ್ನಿ. ಘಟಪ್ರಭೆಯ ಒಳಗೆ ಬಂದ ಮೇಲೆ ಅಲೆ ಕಡಿಮೆ.

ಊರು ಮುಟ್ಟಿದ ಮೇಲೆ ನೀರಿನ ಅಂಚಿಗೆ ಕಟ್ಟಿ ಹೋಗಬೇಡಿ, ಮಟ್ಟ ಏರಿಳಿಯುತ್ತದೆ. ನಾಲ್ಕು ಜನ ಸೇರಿ ಮೇಲಕ್ಕೆ ಎಳೆದು, ಬಿರಡೆ ತೆಗೆದು ಒಳಗಿನ ನೀರು ಬಸಿಯಲು ಬಿಡಿ. ಬಿರಡೆಯನ್ನು ಮಾತ್ರ ಮನೆಗೆ ತಂದು ಇಂಜಿನ್ ಕೀಲಿಯ ಜೊತೆಗೇ ತೂಗುಹಾಕಿ.