ಇಂಪ್ಲಾಂಟ್ ಹಾಕಿಸುವ ಮುನ್ನ ದವಡೆಯ ಮೂಳೆ ನೋಡಿಸಿ

ಹಾಸನ, ಆಲೂರು, ಬೇಲೂರಿನ ಕಡೆ ‘ಹಲ್ಲು ಕಟ್ಟಿಸುವುದು’ ಎಂದರೆ ರಾತ್ರಿ ತೆಗೆದು ನೀರಿನ ಲೋಟದಲ್ಲಿ ಹಾಕಿಡುವ ಸೆಟ್ಟೇ ಹೆಚ್ಚಿನವರಿಗೆ ನೆನಪಾಗುತ್ತದೆ. ಇಂಪ್ಲಾಂಟ್‌ನಲ್ಲಿ ಸುಮಾರು 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಟೈಟಾನಿಯಂ ತಿರುಪನ್ನು ದವಡೆಯ ಮೂಳೆಯಲ್ಲಿ ಕೂರಿಸಿ, ಮೂಳೆ ಅದಕ್ಕೆ ಅಂಟಿಕೊಂಡ ಮೇಲೆ ಕ್ಯಾಪ್ ಹಾಕುತ್ತಾರೆ. ಟೈಟಾನಿಯಂ ಹೀಗೆ ಮೂಳೆಯೊಂದಿಗೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲಗಳ ಮೇಲಿನ ಪ್ರಯೋಗದಲ್ಲಿ ಗಮನಿಸಿ, 1965ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ದವಡೆಗೆ ಇಂಪ್ಲಾಂಟ್ ಅಳವಡಿಸಿದರು.

ಹಲ್ಲು ಕೀಳಿಸಿದ ಜಾಗದಲ್ಲಿ ಮೂಳೆ ಸವೆಯುತ್ತಾ ಹೋಗುತ್ತದೆ. ಮೊದಲ ವರ್ಷದಲ್ಲೇ ಅದರ ಅಗಲ ಅರ್ಧದಷ್ಟು ಕುಗ್ಗಬಹುದು. ಆದ್ದರಿಂದ ‘ನಿಧಾನಕ್ಕೆ ನೋಡೋಣ’ ಎಂದು ವರ್ಷಗಟ್ಟಲೆ ಮುಂದೂಡಬೇಡಿ. ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಮಾಡಿಸಿದರೆ ಮೂಳೆಯ ಎತ್ತರ, ಅಗಲ, ಕೆಳದವಡೆಯಲ್ಲಿ ಹಾದುಹೋಗುವ ನರ, ಮೇಲ್ದವಡೆಯ ಮೇಲಿರುವ ಸೈನಸ್ ಎಂಬ ಗಾಳಿಯ ಪೊಳ್ಳು ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಮೂಳೆ ಸಾಲದಿದ್ದರೆ ಮೂಳೆ ಕಸಿ ಬೇಕಾಗುತ್ತದೆ, ಅದಕ್ಕೆ ಇನ್ನಷ್ಟು ತಿಂಗಳು ಹಿಡಿಯುತ್ತದೆ. ಪಕ್ಕದ ಎರಡೂ ಹಲ್ಲುಗಳಿಗೆ ಈಗಾಗಲೇ ಕ್ಯಾಪ್ ಇದ್ದರೆ, ಅವುಗಳ ಆಸರೆಯಲ್ಲೇ ನಡುವಿನ ಹಲ್ಲು ಕೂರಿಸುವ ಬ್ರಿಡ್ಜ್ ಸಾಕು ಎಂಬುದು ನನ್ನ ಅಭಿಪ್ರಾಯ. ಅವು ಗಟ್ಟಿಮುಟ್ಟಾಗಿದ್ದರೆ ಬ್ರಿಡ್ಜ್‌ಗಾಗಿ ಅವನ್ನು ಉಜ್ಜಿಸಿ ಸಣ್ಣದು ಮಾಡಿಸಿಕೊಳ್ಳುವುದು ನಷ್ಟದ ವ್ಯವಹಾರ. ಅನುಮಾನವಿದ್ದವರು ನಗರದ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ಇನ್ನೊಂದು ಅಭಿಪ್ರಾಯ ಕೇಳಬಹುದು.

ವೈದ್ಯರ ಮುಂದೆ ಏನನ್ನೂ ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆ ಇರುವವರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿಯನ್ನು ಒಯ್ಯಬೇಕು. ಮೂಳೆ ಸವೆತಕ್ಕೆ (ಆಸ್ಟಿಯೊಪೊರೋಸಿಸ್) ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರು, ಮುಖದ ಭಾಗಕ್ಕೆ ರೇಡಿಯೇಷನ್ ಆದವರು ತಪ್ಪದೆ ಹೇಳಬೇಕು. ರಕ್ತ ತೆಳುವಾಗುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಬೀಡಿ, ಸಿಗರೇಟು ಬಿಡದಿದ್ದರೆ ಇಂಪ್ಲಾಂಟ್ ಸಡಿಲವಾಗುವ ಸಾಧ್ಯತೆ ಹೆಚ್ಚು. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಭಾಗ ಬಿಗಿದುಕೊಂಡು ಬಾಯಿ ಎರಡು ಬೆರಳಷ್ಟೂ ತೆರೆಯದಿದ್ದರೆ ಹಿಂದಿನ ದವಡೆ ಹಲ್ಲಿನವರೆಗೆ ಉಪಕರಣವೇ ಹೋಗದು. ಅಂಥವರು ಮೊದಲು ಆ ಕಾಯಿಲೆಗೆ ಚಿಕಿತ್ಸೆ ಪಡೆಯಬೇಕು.

ಜಾಗವನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತಿರುಪು ಕೂರಿಸುವುದರಿಂದ ಅದುಮಿದಂತಾಗುತ್ತದೆಯೇ ಹೊರತು ನೋವು ತಿಳಿಯುವುದಿಲ್ಲ. ಆ ದಿನ ಜೋರಾಗಿ ಬಾಯಿ ಮುಕ್ಕಳಿಸಬಾರದು, ಕಾಫಿ ಆರಿಸಿ ಕುಡಿಯಬೇಕು. ಜಗಿಯದೆ ನುಂಗುವ ಮುದ್ದೆ ಈ ಹೊತ್ತಿಗೆ ಹೇಳಿ ಮಾಡಿಸಿದ ಊಟ, ಆದರೆ ಹಬೆಯಾಡುವ ಮುದ್ದೆಗೆ ಖಾರದ ಸಾರು ಬೇಡ; ಉಗುರುಬೆಚ್ಚಗಾದ ಮೇಲೆ ಸಣ್ಣ ತುತ್ತು ಮಾಡಿ, ಸಪ್ಪೆ ಬೇಳೆಯ ಕಟ್ಟಿನಲ್ಲಿ ಅದ್ದಿ ನುಂಗಿ. ಹೊಲಿಗೆ ಬಿಚ್ಚಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ಸಕಲೇಶಪುರದ ಕಡೆಯ ತೋಟದವರು ಕಾಫಿ ಕೊಯ್ಲಿನ ನಡುವೆ ದಿನ ಗೊತ್ತು ಮಾಡಿಕೊಂಡರೆ ಈ ಭೇಟಿಗಳೇ ತಪ್ಪಿಹೋಗುತ್ತವೆ.

ಮೂಳೆ ತಿರುಪಿಗೆ ಅಂಟಿಕೊಳ್ಳಲೆಂದು ಕೆಳದವಡೆಗೆ ಸುಮಾರು 3 ತಿಂಗಳು, ಮೇಲ್ದವಡೆಗೆ 4ರಿಂದ 6 ತಿಂಗಳು ಕಾಯುವುದು ವಾಡಿಕೆ. ಕೆಲವರಿಗೆ ತಕ್ಷಣವೇ ಹಲ್ಲು ಕೂರಿಸಬಹುದಾದರೂ ಅದು ತಿರುಪು ಎಷ್ಟು ಬಿಗಿಯಾಗಿ ಕುಳಿತಿದೆ ಎಂಬುದರ ಮೇಲೆ ತೀರ್ಮಾನವಾಗಬೇಕು, ಮಗಳ ಮದುವೆಯ ತಾರೀಖಿನ ಮೇಲಲ್ಲ.

ಖರ್ಚು ಕೇಳುವಾಗ ಸ್ಕ್ಯಾನ್, ತಿರುಪು, ನಡುವಿನ ಕೊಂಡಿ, ಕ್ಯಾಪ್ ನಾಲ್ಕೂ ಸೇರಿವೆಯೇ ಎಂದು ಬರೆಸಿಕೊಳ್ಳಿ. ಇಂಪ್ಲಾಂಟ್‌ನ ಕಂಪನಿ, ಅಳತೆ, ಬ್ಯಾಚ್ ಸಂಖ್ಯೆಯಿರುವ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ಮುಂದೆ ಬೇರೆ ಊರಿನಲ್ಲಿ ಕ್ಯಾಪ್ ಸಡಿಲವಾದರೆ, ಯಾವ ಕಂಪನಿಯ ತಿರುಪು ಎಂದು ತಿಳಿಯದೆ ಅಲ್ಲಿನ ವೈದ್ಯರು ಸರಿಯಾದ ಸ್ಕ್ರೂಡ್ರೈವರ್‌ಗಾಗಿ ಪರದಾಡಬೇಕಾಗುತ್ತದೆ.

ಇಂಪ್ಲಾಂಟ್ ಹುಳುಕಾಗುವುದಿಲ್ಲ, ಆದರೆ ಸುತ್ತಲಿನ ವಸಡು, ಮೂಳೆ ಕೆಡಬಹುದು. ಇಂಪ್ಲಾಂಟ್‌ನೊಳಗೆ ನರವಿಲ್ಲದ ಕಾರಣ ಮೂಳೆ ಕರಗುತ್ತಿದ್ದರೂ ಬಹುಕಾಲ ನೋವು ಕಾಣದಿರಬಹುದು. ದಿನವೂ ಹಲ್ಲುಸಂದಿಯ ಸಣ್ಣ ಬ್ರಷ್ಷಿನಿಂದ ಅದರ ಸುತ್ತ ತಿಕ್ಕಿ, ಬ್ರಷ್ಷಿಗೆ ರಕ್ತ ಅಂಟಿದರೆ ಅದೇ ವಾರ ವೈದ್ಯರಿಗೆ ತೋರಿಸಿ.