ಕ್ಲಬ್ಬಿನಿಂದ ವಿಕಲಚೇತನರಿಗೆ ತರಬೇತಿ ಕೊಡಬೇಕಾ? ಮೊದಲು ಕೆಲಸ ಹುಡುಕಿ

ನಮ್ಮ ಸೇವಾ ಕ್ಲಬ್ಬು ಈ ಕೆಲಸಕ್ಕೆ ಕೈ ಹಾಕಿದ ಮೊದಲ ವರ್ಷ ಹನ್ನೆರಡು ಜನರಿಗೆ ಮೇಣದಬತ್ತಿ ಮಾಡುವುದನ್ನು ಕಲಿಸಿದೆವು. ಮೂರು ತಿಂಗಳ ತರಬೇತಿ, ಕೊನೆಗೆ ಸಮಾರಂಭ, ಪ್ರಮಾಣಪತ್ರ, ಫೋಟೊ. ಆರು ತಿಂಗಳು ಬಿಟ್ಟು ವಿಚಾರಿಸಿದಾಗ ಒಬ್ಬರಿಗೂ ಕೆಲಸ ಸಿಕ್ಕಿರಲಿಲ್ಲ. ಅವರು ಕಲಿತದ್ದರಲ್ಲಿ ಕೊರತೆ ಇರಲಿಲ್ಲ. ಆ ಕೆಲಸಕ್ಕೆ ಜನ ಬೇಕು ಅಂತ ಯಾರೂ ಕೇಳಿರಲಿಲ್ಲ, ನಾವೂ ವಿಚಾರಿಸಿರಲಿಲ್ಲ. ಅಂದಿನಿಂದ ಕ್ರಮ ತಿರುಗಿಸಿದೆವು: ಮೊದಲು ಕೆಲಸ ಹುಡುಕುವುದು, ಆಮೇಲೆ ಆ ಕೆಲಸದ ಜಾಗದಲ್ಲೇ ಕಲಿಸುವುದು.

ಕೆಲಸ ಹುಡುಕಲು ಕ್ಲಬ್ಬಿಗಿಂತ ಒಳ್ಳೆಯ ಜಾಗ ಇಲ್ಲ. 1905ರಲ್ಲಿ ಷಿಕಾಗೊದಲ್ಲಿ ರೋಟರಿ ಶುರುವಾದಾಗ ಸೇರಿದ್ದು ನಾಲ್ಕೇ ಜನ: ವಕೀಲ, ಕಲ್ಲಿದ್ದಲು ವ್ಯಾಪಾರಿ, ಗಣಿ ಎಂಜಿನಿಯರ್, ದರ್ಜಿ. ಬೇರೆ ಬೇರೆ ಕಸುಬಿನವರು ಒಂದೆಡೆ ಕೂರುವುದೇ ಇಂಥ ಕ್ಲಬ್ಬುಗಳ ಬೇರು. ನಿಮ್ಮ ಸಭೆಯಲ್ಲೂ ಒಬ್ಬರದು ಪ್ರೆಸ್ಸು, ಒಬ್ಬರದು ಕ್ಲಿನಿಕ್ಕು, ಮತ್ತೊಬ್ಬರದು ಗೋದಾಮು ಇರುತ್ತದೆ, ಅಲ್ವಾ? ಅವರ ಹತ್ತಿರ "ಒಂದು ಕೆಲಸ ಕೊಡಿ" ಅನ್ನಬೇಡಿ, ಅದು ಉಪಕಾರ ಕೇಳಿದ ಹಾಗಾಗುತ್ತದೆ. "ನಿಮ್ಮಲ್ಲಿ ಯಾವ ಕೆಲಸ ದಿನಾ ಬಾಕಿ ಉಳಿಯುತ್ತದೆ?" ಅಂತ ಕೇಳಿ. ಸ್ಕ್ಯಾನ್ ಆಗದ ಫೈಲು, ಲೇಬಲ್ ಅಂಟಿಸದ ಡಬ್ಬಿ, ಎಣಿಸದ ಸ್ಟಾಕು, ಎತ್ತದ ಫೋನು ಎಲ್ಲ ಹೊರಗೆ ಬರುತ್ತದೆ. ಬರೆದುಕೊಳ್ಳಿ, ಹೋಗಿ ಕಣ್ಣಾರೆ ನೋಡಿ. ಮೊದಲ ವರ್ಷಕ್ಕೆ ಇಂಥ ಮೂರು ನಿಜವಾದ ಕೆಲಸ ಸಿಕ್ಕರೆ ಸಾಕು.

ಆಮೇಲೆ ಕೆಲಸ ಬೇಕಾದವರ ಜೊತೆ ಕೂತು ಮಾತಾಡಿ. ಅಪ್ಪ ಅಮ್ಮ ಜೊತೆಗಿದ್ದರೂ ಪ್ರಶ್ನೆಯನ್ನು ಕೆಲಸ ಬೇಕಾದವರಿಗೇ ಕೇಳಿ, ಉತ್ತರ ತಡವಾದರೆ ಕಾಯಿರಿ. ಏನು ಇಷ್ಟ, ಗದ್ದಲ ಆಗುತ್ತದಾ ಆಗುವುದಿಲ್ಲವಾ, ಎಷ್ಟು ಹೊತ್ತು ಕೂರಬಲ್ಲರು, ಹೇಗೆ ಓಡಾಡುತ್ತಾರೆ, ಬೆಳಗ್ಗೆ ಒಳ್ಳೆಯದಾ ಮಧ್ಯಾಹ್ನವಾ. ಕಣ್ಣು ಕಾಣದವರಿಗೆ ಫೋನಿನ ಕೆಲಸ, ಕಿವಿ ಕೇಳದವರಿಗೆ ಹೊಲಿಗೆ ಅಂತ ನಾವೇ ಮೊದಲೇ ತೀರ್ಮಾನ ಮಾಡಿಬಿಡುತ್ತೇವೆ. ಅದನ್ನು ಬಿಡಿ. ಜನ ನೋಡಿ ಕೆಲಸ ಹೊಂದಿಸಿ, ವಿಕಲತೆ ನೋಡಿ ಅಲ್ಲ.

ಇನ್ನು ಕಲಿಸುವುದು. ಇಲ್ಲಿ ನಿಧಾನವಾಗಿ ಹೋಗಿ, ಯಾಕೆಂದರೆ ಕೆಲಸ ಉಳಿಯುವುದೋ ಹೋಗುವುದೋ ಇಲ್ಲೇ ಗೊತ್ತಾಗುತ್ತದೆ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಸಂಶೋಧಕ ಮಾರ್ಕ್ ಗೋಲ್ಡ್ ಅವರು, ಇವರಿಂದ ಏನೂ ಆಗದು ಅಂತ ಎಲ್ಲರೂ ಕೈಬಿಟ್ಟಿದ್ದ ಬೌದ್ಧಿಕ ವಿಕಲತೆ ಇರುವವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿ ತೋರಿಸಿದರು. ಭಾಗಗಳಿಗೆ ಗುರುತಿನ ಬಣ್ಣ ಬಳಿದು ಕೊಟ್ಟಾಗ ಇನ್ನೂ ಬೇಗ ಕಲಿತರು. ಕಲಿಯಲು ಆಗುತ್ತಿಲ್ಲ ಅಂದರೆ ಕಲಿಸುವ ದಾರಿ ಬದಲಿಸಬೇಕು ಅನ್ನುವುದು ಅವರ ಪಟ್ಟು.

ನೀವೂ ಹಾಗೇ ಮಾಡಿ. ಸ್ಕ್ಯಾನಿಂಗ್ ಕೆಲಸ ಅಂದುಕೊಳ್ಳಿ. ಮೊದಲು ನೀವೇ ಹತ್ತು ಫೈಲು ಸ್ಕ್ಯಾನ್ ಮಾಡಿ, ಕೈ ಏನೇನು ಮಾಡುತ್ತದೆ ಅಂತ ಒಂದೊಂದೇ ಬರೆಯಿರಿ: ಫೈಲು ತೆರೆ, ಪಿನ್ನು ತೆಗೆ, ಮಡಿಚಿದ ಮೂಲೆ ಬಿಡಿಸು, ಹಾಳೆಗಳ ಅಂಚು ಸರಿ ಮಾಡು, ಟ್ರೇಯಲ್ಲಿಡು, ಹಸಿರು ಬಟನ್ ಒತ್ತು. ಕುರ್ಚಿಯಲ್ಲಿ ಕೂತು ಊಹಿಸಿ ಬರೆದರೆ ಅರ್ಧ ಹೆಜ್ಜೆ ತಪ್ಪಿಹೋಗುತ್ತದೆ. ಓದುವುದು ಕಷ್ಟ ಇರುವವರಿಗೆ ಪ್ರತಿ ಹೆಜ್ಜೆಯ ಫೋಟೊ ತೆಗೆದು ಮೇಜಿನ ಮೇಲೆ ಅಂಟಿಸಿ. ಪಕ್ಕದಲ್ಲಿ ನಿಂತು ಕಲಿಸುವವರನ್ನು ಜಾಬ್ ಕೋಚ್ ಅನ್ನುತ್ತಾರೆ. ಕ್ಲಬ್ಬಿನ ಸದಸ್ಯರಲ್ಲೇ ತಾಳ್ಮೆ ಇರುವ ಇಬ್ಬರು ಈ ಕೆಲಸ ಕಲಿಯಬಹುದು, ಆದರೆ ಮೊದಲ ಸಲ ಅನುಭವ ಇರುವ ವಿಶೇಷ ಶಿಕ್ಷಕರೊಬ್ಬರನ್ನು ಜೊತೆಗಿಟ್ಟುಕೊಳ್ಳಿ.

ಕೋಚ್ ಕಡಿಮೆ ಮಾತಾಡಬೇಕು. ಒಮ್ಮೆ ಮಾಡಿ ತೋರಿಸಿ, ಆಮೇಲೆ ಸುಮ್ನೆ ನಿಲ್ಲಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಹತ್ತು ಎಣಿಸುವುದು ಎಷ್ಟು ಕಷ್ಟ ಅಂತ ಮಾಡಿದಾಗಲೇ ಗೊತ್ತಾಗುತ್ತದೆ, ಕೈ ತಾನಾಗಿ ಮುಂದೆ ಹೋಗುತ್ತದೆ. ತಾನೇ ಮಾಡಿದ ಹೆಜ್ಜೆಗೆ ಒಂದು ಗುರುತು, ಸೂಚನೆ ಬೇಕಾದ ಹೆಜ್ಜೆಗೆ ಇನ್ನೊಂದು ಗುರುತು ಹಾಕಿಡಿ. ಮೂರು ದಿನ ಒಂದೇ ಕಡೆ ಸಿಕ್ಕಿಬಿದ್ದರೆ ಹೆಜ್ಜೆಯನ್ನೇ ಬದಲಿಸಿ. ನಮ್ಮಲ್ಲಿ ಒಬ್ಬ ಯುವತಿಗೆ ಪಿನ್ನು ತೆಗೆಯುವುದೇ ಆಗುತ್ತಿರಲಿಲ್ಲ, ಹಾಳೆ ಹರಿಯುತ್ತಿತ್ತು, ಅವಳು ಅಳುತ್ತಿದ್ದಳು. ಉದ್ದ ಹಿಡಿಯ ಬೇರೆ ಉಪಕರಣ ತಂದುಕೊಟ್ಟೆವು. ಎರಡನೇ ದಿನಕ್ಕೆ ಸರಿಹೋಯಿತು. ಕಲಿತಂತೆಲ್ಲ ಕೋಚ್ ದೂರ ಸರಿಯಬೇಕು: ಮೊದಲು ಪಕ್ಕ, ಆಮೇಲೆ ಬಾಗಿಲ ಹತ್ತಿರ, ಆಮೇಲೆ ಪಕ್ಕದ ಕೋಣೆ. ಹತ್ತಿರವೇ ನಿಂತಿದ್ದರೆ ಆ ವ್ಯಕ್ತಿ ಕೆಲಸದ ಬದಲು ಕೋಚ್ ಮುಖ ನೋಡುವುದನ್ನು ಕಲಿಯುತ್ತಾರೆ.

ಜಾಗವನ್ನೂ ಸಿದ್ಧ ಮಾಡಬೇಕು, ಬಹಳಷ್ಟು ಸಲ ಖರ್ಚು ಜಾಸ್ತಿ ಇರುವುದಿಲ್ಲ. ಕಣ್ಣು ಕಾಣದವರಿಗೆ ಕಂಪ್ಯೂಟರ್ ಕೆಲಸವಾದರೆ ಎನ್‌ವಿಡಿಎ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್, ಉಚಿತವಾಗಿ ಸಿಗುತ್ತದೆ. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಸ್ವತಃ ಕಣ್ಣು ಕಾಣದವರು. ಕಚೇರಿಯ ಸಾಫ್ಟ್‌ವೇರ್ ಅದರ ಜೊತೆ ಕೆಲಸ ಮಾಡುತ್ತದಾ ಅಂತ ಸೇರುವ ಮೊದಲೇ ಪರೀಕ್ಷಿಸಿ. ಕಿವಿ ಕೇಳದವರಿದ್ದರೆ ಮೊದಲ ವಾರ ಸನ್ನೆ ಭಾಷೆಯ ದುಭಾಷಿ ಇರಲಿ, ಸಹೋದ್ಯೋಗಿಗಳೂ ಇಪ್ಪತ್ತು ಸನ್ನೆ ಕಲಿಯಲಿ, ಬೆಂಕಿಯ ಅಲಾರಂಗೆ ದೀಪವೂ ಇರಲಿ. ವೀಲ್‌ಚೇರ್‌ಗೆ ರ‍್ಯಾಂಪ್ ಕಟ್ಟಿಸುವಾಗ 1:12 ಲೆಕ್ಕ ಹಿಡಿಯಿರಿ, ಅಂದರೆ 15 ಸೆಂಟಿಮೀಟರ್ ಎತ್ತರದ ಮೆಟ್ಟಿಲಿಗೆ 180 ಸೆಂಟಿಮೀಟರ್ ಉದ್ದ. ಶೌಚಾಲಯದ ಬಾಗಿಲನ್ನೂ ಅಳೆಯಿರಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಸಂಬಳದ ಮಾತನ್ನು ಮೊದಲ ದಿನವೇ ಮುಗಿಸಿ. ತರಬೇತಿ ಅಂತ ಹೇಳಿ ತಿಂಗಳುಗಟ್ಟಲೆ ಪುಕ್ಕಟೆ ದುಡಿಸಿಕೊಳ್ಳುವವರಿದ್ದಾರೆ, ನಿಮ್ಮ ಕ್ಲಬ್ಬಿನ ಹೆಸರಲ್ಲಿ ಅದು ನಡೆಯಬಾರದು. 2006ರ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಪ್ಪಂದದ 27ನೇ ವಿಧಿ, ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ಸಂಬಳ ಅಂತ ಸ್ಪಷ್ಟವಾಗಿ ಹೇಳುತ್ತದೆ.

ಇಷ್ಟೆಲ್ಲ ಮಾಡಿಯೂ ಅವರನ್ನು ಕ್ಲಬ್ಬಿನ ಹೊರಗೇ ನಿಲ್ಲಿಸಿದರೆ ನನಗೆ ಸಮಾಧಾನ ಇಲ್ಲ. ರೋಟರಿಯಂಥದ್ದೇ ಸೇವಾ ಸಂಸ್ಥೆಯಾದ ಕಿವಾನಿಸ್‌ನಲ್ಲಿ ಆಕ್ಷನ್ ಕ್ಲಬ್ ಅಂತಿದೆ, ಅದರ ಸದಸ್ಯರು ವಿಕಲಚೇತನ ವಯಸ್ಕರು, ಸೇವೆ ಮಾಡುವವರೂ ಅವರೇ. ಬೇರೆ ಕ್ಲಬ್ ಮಾಡದಿದ್ದರೂ ನಿಮ್ಮಲ್ಲೇ ಸದಸ್ಯತ್ವ ಕೊಡಿ. ಸುಮ್ಮನೆ ಮುಂದಿನ ಸಾಲಿನಲ್ಲಿ ಕೂರಿಸಬೇಡಿ, ಜವಾಬ್ದಾರಿ ಕೊಡಿ: ಹಾಜರಿ ಬರೆಯುವುದು, ಲೆಕ್ಕ ಇಡುವುದು, ಅತಿಥಿಯನ್ನು ಪರಿಚಯಿಸುವುದು. ಸಮಯಕ್ಕೆ ಬರುವುದು, ಸರದಿ ಕಾದು ಮಾತಾಡುವುದು, ಒಪ್ಪದಿದ್ದರೆ ಒಪ್ಪುವುದಿಲ್ಲ ಅನ್ನುವುದು, ಇದೆಲ್ಲ ಕೆಲಸದಲ್ಲೂ ಬೇಕು, ಸಭೆಯಲ್ಲಿ ತಾನಾಗಿ ಬರುತ್ತದೆ. ಸಭೆಯ ವಿಷಯಪಟ್ಟಿಯನ್ನು ಎರಡು ದಿನ ಮೊದಲೇ ಕಳಿಸಿ, ಸ್ಕ್ರೀನ್ ರೀಡರ್ ಓದುವ ಹಾಗಿರಲಿ, ಹಾಳೆಯ ಫೋಟೊ ಕಳಿಸಬೇಡಿ.

ಕೆಲಸಕ್ಕೆ ಸೇರಿದ ಮೇಲೆ ಮೊದಲ ತಿಂಗಳು ವಾರಕ್ಕೊಮ್ಮೆ ಹೋಗಿ ಬನ್ನಿ, ಆಮೇಲೆ ತಿಂಗಳಿಗೊಮ್ಮೆ. ಮೇಲ್ವಿಚಾರಕರು ಬದಲಾದ ಸುದ್ದಿ ಬಂದರೆ ಅದೇ ವಾರ ಹೋಗಿ, ಹೊಸಬರಿಗೆ ಆ ಹೆಜ್ಜೆಗಳ ಪಟ್ಟಿ ಕೊಟ್ಟು ವಿವರಿಸಿ, ಯಾಕೆಂದರೆ ಚೆನ್ನಾಗಿ ನಡೆಯುತ್ತಿದ್ದ ಕೆಲಸ ಕೈತಪ್ಪುವುದು ಹೆಚ್ಚಾಗಿ ಆಗಲೇ. ಯಾರಾದರೂ ಕೆಲಸ ಬಿಟ್ಟರೆ ಬೈಯಬೇಡಿ, ನಾವೆಲ್ಲ ಮೊದಲ ಕೆಲಸದಲ್ಲೇ ಉಳಿದಿದ್ದೇವಾ? ಏನು ಸರಿಹೋಗಲಿಲ್ಲ ಅಂತ ಕೇಳಿ, ಎರಡನೆಯದು ಹುಡುಕಿ. ವರ್ಷದ ಕೊನೆಯ ವರದಿಯಲ್ಲಿ ಎಷ್ಟು ಜನರಿಗೆ ತರಬೇತಿ ಕೊಟ್ಟಿರಿ ಅನ್ನುವ ಸಾಲು ತೆಗೆದುಹಾಕಿ, ಎಷ್ಟು ಜನ ಇವತ್ತೂ ಸಂಬಳ ತೆಗೆದುಕೊಳ್ಳುತ್ತಿದ್ದಾರೆ ಅಂತ ಬರೆಯಿರಿ.