ವಾದ ಬಿಡದೆ ಕ್ಷಮೆ ಕೇಳುವ ಬಗೆ

ಧಾರವಾಡ, ಗದಗ ಭಾಗದ ಶಾಸನಾಭ್ಯಾಸಿಗಳ ನಡುವೆ ಕಾಲನಿರ್ಣಯದ ವಾದ ಹೊಸದಲ್ಲ. ಶಾಸನದಲ್ಲಿರುವ ಶಕ ವರ್ಷವನ್ನು ಕ್ರಿ.ಶ.ಗೆ ತರುವಾಗ, ಅದನ್ನು ಮುಗಿದ ವರ್ಷವೆಂದು ತಿಳಿದವರು ಸಾಮಾನ್ಯವಾಗಿ 78 ಕೂಡಿಸುತ್ತಾರೆ, ನಡೆಯುತ್ತಿರುವ ವರ್ಷವೆಂದು ತಿಳಿದವರು 77 ಕೂಡಿಸುತ್ತಾರೆ. ಲಕ್ಕುಂಡಿಯ ಅತ್ತಿಮಬ್ಬೆಯ ಶಾಸನದ ಶಕ 929ನ್ನು ಮೊದಲ ಲೆಕ್ಕದಂತೆ ಕ್ರಿ.ಶ. 1007 ಎಂದು ಒಪ್ಪಲಾಗಿದೆ. ಎರಡನೆಯ ಲೆಕ್ಕ ಹಿಡಿದರೆ ಅದು 1006 ಆಗುತ್ತದೆ. ಇಂಥ ಒಂದು ವರ್ಷದ ಅಂತರಕ್ಕಾಗಿ, ಜೀವಮಾನವೆಲ್ಲ ಶಾಸನ ಓದಿದ ಹಿರಿಯ ಸಹೋದ್ಯೋಗಿಗೆ ತುಂಬಿದ ಸಭೆಯಲ್ಲಿ "ನಿಮಗೆ ಲೆಕ್ಕವೇ ಗೊತ್ತಿಲ್ಲ" ಎಂದುಬಿಟ್ಟರೆ, ವಾದ ಸರಿಯಿದ್ದವರೂ ಕ್ಷಮೆ ಕೇಳಲೇಬೇಕು.

ಕ್ಷಮೆ ಕೇಳಲು ಹೋಗುವ ಮೊದಲು, ವಿಷಯದ ಬಗ್ಗೆ ಆಡಿದ ಮಾತು ಯಾವುದು, ವ್ಯಕ್ತಿಯ ಬಗ್ಗೆ ಆಡಿದ ಮಾತು ಯಾವುದು ಎಂದು ಬೇರ್ಪಡಿಸಿಕೊಳ್ಳಬೇಕು. ಕ್ಷಮೆ ಎರಡನೆಯದಕ್ಕೆ ಮಾತ್ರ. ರಾಜಿಯಾಗುವ ಆತುರದಲ್ಲಿ ಕೆಲವರು ತಮ್ಮ ಓದನ್ನೇ, ಅಂದರೆ ಶಾಸನವನ್ನು ತಾವು ಅರ್ಥೈಸಿದ ಬಗೆಯನ್ನೇ, ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಆಧಾರವಿಲ್ಲದೆ ಹಾಗೆ ಮಾಡುವುದು ಆ ಹಿರಿಯರ ವಿದ್ವತ್ತಿಗೆ ಮಾಡುವ ಇನ್ನೊಂದು ಅವಮಾನವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಸಮಾಧಾನಕ್ಕೆ ಆಡಿದ ಮಾತು ಯಾವುದೆಂಬುದು ಅವರಿಗೆ ತಕ್ಷಣ ತಿಳಿಯುತ್ತದೆ.

ಆದಷ್ಟು ಬೇಗ, ಫೋನ್ ಮಾಡಿ ಸಮಯ ಕೇಳಿಕೊಂಡು, ಖುದ್ದಾಗಿ ಹೋಗಬೇಕು. ವಾಟ್ಸ್ಆ್ಯಪ್ ಸಂದೇಶ ಇದಕ್ಕೆ ಸಾಲದು. ದಸರೆಯಲ್ಲಿ ಬನ್ನಿ ಕೊಟ್ಟು "ಬಂಗಾರದ್ಹಾಂಗ ಇರೋಣ" ಎನ್ನುವ ನಮ್ಮ ಪದ್ಧತಿ ದೊಡ್ಡದು, ಆದರೆ ಹಬ್ಬ ಬರುವವರೆಗೆ ಕಾಯುತ್ತ ಕೂತರೆ ನೋವು ಒಳಗೇ ಬಲಿಯುತ್ತದೆ.

ಮಾತಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. "ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ" ಎಂದು ನಾವು ಬೀಳ್ಕೊಡುವಾಗಲೂ ಹೇಳುತ್ತೇವೆ. ಇಲ್ಲಿ ಅದು ಸಾಲದು, ಏಕೆಂದರೆ ತಪ್ಪು ಆಗಿದೆಯೆಂದು ಅದು ಒಪ್ಪುವುದೇ ಇಲ್ಲ. ಬದಲಿಗೆ ಹೀಗೆ ಹೇಳಬಹುದು: "ಸರ್, ಅವತ್ತು ಎಲ್ಲಾರ ಮುಂದ ನಿಮಗ ಲೆಕ್ಕ ಗೊತ್ತಿಲ್ಲ ಅಂದೆ. ಹಂಗ ಅನ್ನಬಾರದಿತ್ತು. ತಪ್ಪು ನಂದರಿ, ಕ್ಷಮಾ ಮಾಡ್ರಿ." ಇಷ್ಟು ಹೇಳಿ ನಿಲ್ಲಿಸಬೇಕು. ಇದರ ಹಿಂದೆಯೇ "ಆದರ" ಎಂದು ಸಮರ್ಥನೆ ಸೇರಿಸಿದರೆ ಬಂದ ಕೆಲಸ ಕೆಟ್ಟಿತು. ಅವರು ಸಿಟ್ಟಿನಿಂದ ನಾಲ್ಕು ಮಾತು ಆಡಿದರೆ ಕೇಳಿಸಿಕೊಳ್ಳಬೇಕು. "ಇರ್ಲಿ ಬಿಡ್ರಿ, ಚಹಾ ತಗೋರಿ" ಎಂದರೆ ಚಹಾ ಕುಡಿಯಬೇಕು, ಆ ಹೊತ್ತಿಗೆ ಶಾಸನದ ಮಾತು ತೆಗೆಯಬಾರದು.

ಸಭೆಯಲ್ಲಿ ನೋಯಿಸಿದ್ದನ್ನು ಕೋಣೆಯೊಳಗೆ ಮಾತ್ರ ಸರಿಪಡಿಸಿದರೆ ನ್ಯಾಯವಾಗದು. ಮುಂದಿನ ಸಭೆಯಲ್ಲಿ ಒಂದು ವಾಕ್ಯದಲ್ಲಿ ವಿಷಾದ ಸೂಚಿಸಬೇಕು. ಆದರೆ ಅದಕ್ಕೂ ಅವರ ಒಪ್ಪಿಗೆ ಕೇಳಬೇಕು, ಏಕೆಂದರೆ ಆ ಪ್ರಸಂಗ ಮತ್ತೆ ಎತ್ತುವುದು ಕೆಲವರಿಗೆ ಇಷ್ಟವಿರುವುದಿಲ್ಲ.

ಕೆಲವು ದಿನ ಕಳೆದ ಮೇಲೆ ಶಾಸನದ ಪಡಿಯಚ್ಚು (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪ್ರತಿ) ತೆಗೆದುಕೊಂಡು ಹೋಗಿ, ಸಂವತ್ಸರದ ಹೆಸರು, ತಿಥಿ, ವಾರ ಯಾವ ಲೆಕ್ಕಕ್ಕೆ ಹೊಂದುತ್ತವೆಂದು ಅವರೊಡನೆ ಕೂತು ನೋಡಬಹುದು. ಆಗಲೂ ಒಮ್ಮತ ಬರದಿದ್ದರೆ ಲೇಖನದಲ್ಲಿ ಅವರ ಓದನ್ನು ಅವರ ಹೆಸರಿನೊಂದಿಗೆ ಕಾಣಿಸಿ, ಅಚ್ಚಿಗೆ ಕೊಡುವ ಮೊದಲು ಆ ಪುಟವನ್ನು ಅವರಿಗೆ ತೋರಿಸಬೇಕು.